ಹನ್ನೊಂದನೇ ನಿಮಿಷದ ಕೆಮ್ಮು

ಪೂರಿಯಾ ಯಾವ್ದು ತಗೋಬೇಕಂತ ಕೇಳ್ದಿ.
ಕೂಡು. ಆ ಸ್ಟೂಲ್ ಬ್ಯಾಡ, ಅದರ ಮ್ಯಾಲ ಕರಿ ಎಣ್ಣಿ ಅದ,
ನಿನ್ನ ಬಿಳಿ ಚೂಡಿದಾರಕ್ಕ ಹತ್ತಿದ್ರ ಹೋಗಂಗಿಲ್ಲ.
ಚಂದ್ರಭಾಗಾಬಾಯಿ ಭಾಲ್ಕಿಯವರ ಪೂರಿಯಾ
ನನ್ನ ಹಂತ್ಯಾಕ ಮೂರು ಹಾವ.
ಮೂರೂ ಒಬ್ಬಾಕಿವೇ, ಬಂದಿಶ್ ಸೈತ ಒಂದೇ.
ಆದ್ರ ಒಂದೇ ಅಚ್ಚಿನಾಗ ಹೊಯ್ದ ಮೂರು ಹೂಜಿ
ಒಂದೇ ತೂಕ ಬರ್ತಾವೇನು?

ಮೊದಲಿಂದು ಕಂಪನಿ ಕ್ಯಾಸೆಟ್. ನೀಲಿ ಕವರ್.
ಇಪ್ಪತ್ತೆರಡು ನಿಮಿಷ. ತಬಲಾ ಮುಂದ ಕುಂತದ,
ಬಾಯಿ ಹಿಂದಿನ ಖೋಲಿಯಾಗ ನಿಂತು ಹಾಡಿದಂಗ.
ಸುಸ್ ಅನ್ನೋ ಸಪ್ಪಳ ಸುದ್ದಾ ಇಲ್ಲ. ತೊಳದಾರ.
ಭಾಳ ಮಂದಿ ಇದನ್ನೇ ಛಲೋ ಅಂತಾರ.
ನಾ ಅನ್ನಂಗಿಲ್ಲ. ಕರಿ ಹಿಡಿಸದ ಮೈಮ್ಯಾಲ
ಬೆಳ್ಳಿ ಬಡದ್ರ ಯಾರಿಗಿ ಕಾಣ್ತದ ತಂಗಿ?
ದ್ರುತ್ ಏರೋ ಹೊತ್ತಿಗಿ
ಯಾರೋ ಕಂದೀಲಿನ ಬತ್ತಿ ಇಳಿಸಿದಂಗ
ದನಿ ಸಣ್ಣ ಮಾಡಿ ಮುಗಿಸ್ಯಾರ.
ಪಾಪ, ಕ್ಯಾಸೆಟ್ ಅಷ್ಟೇ ಉದ್ದ ಇತ್ತು.

ಎರಡನೇದು ಕಲಬುರಗಿ ರೇಡಿಯೋದ್ದು,
ನಮ್ಮ ಮಾವ ಪೆಟ್ಟಿಗಿ ಮುಂದ ಟೇಪ್ ಹಿಡಿದು ತುಂಬಿದ್ದು.
ನೀ ಕಲಿಯಾಕಿ ಇದ್ರ ಇದು ತಗೋ, ಖರೆ ಹೇಳ್ತೀನಿ.
ಗಡಿಯಾರ ಕಣ್ಣ ಮುಂದ ಇಟ್ಕೊಂಡು ಹಾಡ್ಯಾಳ,
ಅದಕ್ಕೇ ಒಂದೂ ಮಾತು ಹೆಚ್ಚಿಲ್ಲ.
ಕೋಮಲ ರಿಷಭ ಎಲ್ಲಿ ಇಡಬೇಕು,
ತೀವ್ರ ಮಧ್ಯಮ ಎಷ್ಟು ಮುಟ್ಟಿ ಬಿಡಬೇಕು,
ಪಂಚಮ ಇಲ್ಲದ ಮನಿಯಾಗ ಹೆಂಗ ಸಂಸಾರ ಮಾಡಬೇಕು,
ಎಲ್ಲಾ ಪಾಟಿ ಮ್ಯಾಲ ಬರದಂಗ.
ನಡು ಒಮ್ಮೆ ಮಾವನ ಎಮ್ಮಿ ಒದರ್ತದ.
ಅದು ಷಡ್ಜದ ಹತ್ರನೇ ಅದ, ಹೆದರಬ್ಯಾಡ.

ಮೂರನೇದು.
ಚಾ ಕುಡಿ ಮೊದಲು, ಆರ್ತದ.
ಚೌಬಾರದ ಹಿಂದ, ಕಟ್ಟಿಗಿ ಅಡ್ಡಾದ ವೈಜಿನಾಥಪ್ಪನ ಮನಿ,
ದೊಡ್ಡ ಸ್ಪೂಲಿನ ಯಂತ್ರ ಹೈದ್ರಾಬಾದಿನಿಂದ ತರಿಸಿದ್ದ.
ಕಾರಹುಣ್ಣಿವಿ ಮುಂದಿನ ಸಂಜಿ. ಸೆಕಿ. ಫ್ಯಾನ್ ಬಂದ್ ಮಾಡ್ಸಿದ್ದ,
ಸಪ್ಪಳ ಟೇಪಿನಾಗ ಬರ್ತದಂತ.
ನಲವತ್ತು ಮಂದಿ ಬೆವರು ಒರಸ್ಕೊಳ್ಳೋದು ಸುದ್ದಾ
ಕಿವಿಗೊಟ್ರ ಕೇಳ್ತದ.
ತಂಬೂರಿ ನಿಷಾದ ಒಂದೀಟು ಇಳದದ,
ಸಾರಂಗಿಯವ ತಡಾ ಮಾಡಿ ಬಂದಾನ,
ಬಂದವ "ಮಾಫ್ ಮಾಡ್ರಿ" ಅಂದದ್ದೂ ಅದ.

ಮತ್ತ ಹನ್ನೊಂದನೇ ನಿಮಿಷಕ್ಕ ಒಂದು ಕೆಮ್ಮು.
ಅದು ನಂದು.
ಅವತ್ತಿಡೀ ದಿನ ಕೋಟಿ ಮಣ್ಣು, ನವಸಾಗರ ಕಲಸಿ
ಹುಕ್ಕಾಗಳಿಗಿ ಕರಿ ಹಿಡಿಸಿದ್ದೆ.
ಹೊಗಿ ಗಂಟಲಾಗೇ ಇತ್ತು. ಹತ್ತು ನಿಮಿಷ ನುಂಗಿದೆ,
ಟೊಪ್ಪಿಗಿ ಕಚ್ಚಿದೆ, ಆಗಲಿಲ್ಲ.
ವೈಜಿನಾಥಪ್ಪ ಆರು ವರ್ಷ ನನ್ನ ಸಲಾಮಿಗಿ ಉತ್ತರ ಕೊಡಲಿಲ್ಲ.
ಕಡೀಕ ಮಗಳ ಲಗ್ನಕ್ಕ ಪಾನದಾನ್ ಬೇಕಾಗಿ ಬಂದ,
ರೊಕ್ಕದ ಜೋಡಿ ಈ ಟೇಪೂ ಇಟ್ಟು ಹೋದ:
"ನಿನ್ನ ಕೆಮ್ಮು, ನೀನೇ ಇಟ್ಕೋ."

ಹೋದ ವರ್ಷ ನಮ್ಮ ತಂಗಿ ಮಗ ಮುಕರ್ರಮ್
ಕಂಪ್ಯೂಟರಿಗಿ ಹಾಕಿ ಅದನ್ನ ಒರಸಿದ.
"ಮಾಮು, ಈಗ ಕೇಳ್ರಿ, ಸಾಫ್!"
ಕೇಳಿದೆ. ಸಾಫೇ ಇತ್ತು.
ಆದ್ರ ನಿಷಾದಕ್ಕ ತಲಿ ಇರಲಿಲ್ಲ,
ಗಾಳಿಯಾಗ ಒಮ್ಮೆಲೆ ಮುಂಡ ಹುಟ್ಟಿದಂಗ.
ಆಗ ತಿಳೀತು ನನಗ, ಮೂವತ್ತೊಂದು ವರ್ಷ ಆದ ಮ್ಯಾಲ:
ಬಾಯಿ ನಿಂತಿದ್ದಿಲ್ಲ. ನನ್ನ ಕೆಮ್ಮಿನೊಳಗೇ
ಆ ಸ್ವರ ಹಚ್ಚಿದ್ಳು,
ಮಂದಿ ನನ್ನ ಕಡಿ ಹೊಳ್ಳಿ ನೋಡೋದರಾಗ
ಅವರ ಕಿವಿ ತನ್ನ ಕಡಿ ಎಳಕೊಂಡಿದ್ಳು.
ನಾಚಿಕೀಲೆ ತಲಿ ತಗ್ಗಿಸಿ ಕುಂತಿದ್ದೆ,
ನನಗೊಬ್ಬನಿಗೇ ಕೇಳಿದ್ದಿಲ್ಲ.

ಹಂಗಂತ ಇದೇ ಶ್ರೇಷ್ಠ ಅಂತ ಎಲ್ಲರ ಮುಂದ ಹೇಳಬ್ಯಾಡ.
ನನ್ನ ಪಾಲು ಅದ ಅದರಾಗ, ನನ್ನ ಮಾತು ನಂಬಬಾರ್ದು.
ರೇಡಿಯೋದ್ದು ಮೊದಲು ಕೇಳು, ಒಂದು ತಿಂಗಳು.
ಆಮ್ಯಾಲ ಇದು, ದೀಪ ಹಚ್ಚೋ ಹೊತ್ತಿಗಿ, ಫ್ಯಾನ್ ಬಂದ್ ಮಾಡಿ.
ಮುಕರ್ರಮ್ ತೊಳದದ್ದು ಬ್ಯಾಡ.
ಪೆನ್‌ಡ್ರೈವ್ ತಂದೀಯೇನು?
ಅಲ್ಲಿಡು. ಆ ಹೂಜಿ ಮುಟ್ಟಬ್ಯಾಡ,
ಈಗೇ ಮಣ್ಣಿನಾಗಿಂದ ತಗದೀನಿ, ಸುಡ್ತದ.